ಯಾವ ಥರ ಲೀಗಲ್ ಅಂತ ಮೊದ್ಲು ಹೇಳ್ರಪ್ಪ

ಈಗಿನ ಹುಡುಗ್ರು ಹುಡುಗೀರು ಲೈಂಗಿಕ ವೃತ್ತಿನ ಲೀಗಲ್ ಮಾಡಿದ್ರೆ ತಪ್ಪೇನು ಅಂತಾರೆ ಅಂತ ಬರ್ದಿದೀರಿ, ನಿಜಾನೇ, ನನ್ ಫ್ರೆಂಡ್ಸೂ ಹಂಗೇ ಅಂತಾರೆ, ಆದ್ರೆ ಯಾವ ಥರ ಲೀಗಲ್ ಅಂತ ಕೇಳಿದ್ರೆ ಅರ್ಧ ಜನ ಗಪ್‌ಚುಪ್. ಸ್ವೀಡನ್‌ನಲ್ಲಿ 1999ರಿಂದ ದುಡ್ಡು ಕೊಟ್ಟು ಬರೋನೇ ಅಪರಾಧಿ, ಆ ಕೆಲ್ಸ ಮಾಡೋರಲ್ಲ. ನ್ಯೂಜಿಲೆಂಡ್ 2003ರಲ್ಲಿ ಇದನ್ನ ಅಪರಾಧ ಅಲ್ಲ ಅಂದ್ಬಿಡ್ತು, ಯಾವ ಗಿರಾಕಿಗಾದ್ರೂ ಬೇಡ ಅನ್ನೋ ಹಕ್ಕು ಆ ಕಾಯ್ದೆಲೇ ಇದೆ, ಆದ್ರೆ ಟೆಂಪರರಿ ವೀಸಾದಲ್ಲಿ ಬಂದೋರಿಗೆ ಈ ಕೆಲ್ಸ ಮಾಡೋ ಹಂಗಿಲ್ಲ (ಇದನ್ನ ಯಾರೂ ಹೇಳಲ್ಲ ನೋಡಿ). ಜರ್ಮನಿಲಿ 2017ರಿಂದ ರಿಜಿಸ್ಟ್ರೇಷನ್ ಕಡ್ಡಾಯ, ಹೆಸ್ರು ಎಲ್ಲಿ ಹೊರಗ್ ಬಂದ್ಬಿಡುತ್ತೋ ಅಂತ ಹೆದ್ರಿ ಎಷ್ಟೋ ಜನ ಮಾಡ್ಸೇ ಇಲ್ಲ, ಅಂದ್ರೆ ಕಾಗದದಲ್ಲಿ ಲೀಗಲ್, ಅವ್ರು ಮಾತ್ರ ಮತ್ತೆ ಕತ್ತಲಲ್ಲೇ.

ನಂಗೆ ನ್ಯೂಜಿಲೆಂಡ್ ದಾರಿನೇ ವಾಸಿ ಅನ್ಸುತ್ತೆ, ಯಾಕಂದ್ರೆ ಯಾರಾದ್ರೂ ಹೊಡೆದ್ರೆ ಪೊಲೀಸ್ ಹತ್ರ ಹೋಗೋಕೆ ತಾನೇ ಅರೆಸ್ಟ್ ಆಗ್ತೀನೇನೋ ಅನ್ನೋ ಭಯ ಇರಬಾರ್ದಲ್ವಾ. ಬಲವಂತ, ಮಾನವ ಸಾಗಾಟ, ಅಪ್ರಾಪ್ತರು, ಅದೆಲ್ಲ ಬೇರೆ ಮಾತು, ಅದಕ್ಕೆ ಜೈಲೇ ಸರಿ, ಇದ್ರ ಜೊತೆ ಸೇರಿಸ್ಬೇಡಿ.

ಇನ್ನು ನಮ್ ವಯಸ್ಸಿನೋರ ಓಪನ್ ಮೈಂಡ್ ಬಗ್ಗೆ... "ಅವ್ರ ಬಾಡಿ ಅವ್ರಿಷ್ಟ" ಅಂತ ಸ್ಟೇಟಸ್ ಹಾಕಿದ ಅದೇ ಫ್ರೆಂಡು, ಆ ಕೆಲ್ಸ ಬಿಟ್ಟು ಬಂದೋರಿಗೆ ನಿಮ್ಮನೆ ಬಾಡಿಗೆಗೆ ಕೊಡ್ತೀಯಾ ಅಂದ್ರೆ ಟಾಪಿಕ್ಕೇ ಚೇಂಜ್ ಮಾಡ್ದ 😄