ಕಳ್ಳಿಯ ನೆತ್ತಿ ಮೇಲೆ ಕಳ್ಳ ಹೂವು

ದಪ್ಪ ಮರಳು ತರೋಣ ಅಂತ ಭಾನುವಾರ ನರ್ಸರಿಗೆ ಹೋದೆ. ಮರಳು ಮರೆತು ಬಿಪಿ ಏರಿಸಿಕೊಂಡು ಬಂದೆ.

ಬಿಲ್ ಹಾಕುವ ಕಡೆ ಸಾಲಾಗಿ ಕಳ್ಳಿ ಗಿಡಗಳನ್ನು ಜೋಡಿಸಿದ್ದರು. ಪುಟ್ಟ ಬಿಳಿ ಪಾಟುಗಳು. ಪ್ರತಿ ಗಿಡದ ನೆತ್ತಿಯ ಮೇಲೂ ಸರಿಯಾಗಿ ಒಂದೇ ಒಂದು ಹೂವು. ಗಿಡಗಳು ಮೂರು ಬೇರೆ ಬೇರೆ ಜಾತಿ, ಹೂವು ಮಾತ್ರ ಎಲ್ಲಕ್ಕೂ ಒಂದೇ! ಮೂರನೇ ಕ್ಲಾಸೋ ನಾಲ್ಕೋ ಇರಬಹುದು, ಒಂದು ಹುಡುಗಿ ಹಳದಿ ಹೂವಿನದನ್ನು ಎತ್ತಿಕೊಂಡು ಕೇಳಿದಳು: "ಅಂಕಲ್, ಇದು ಯಾವಾಗ್ಲೂ ಹೂ ಬಿಡುತ್ತಾ?"

"ವರ್ಷ ಪೂರ್ತಿ, ಪುಟ್ಟಿ. ಬಾಡೋದೇ ಇಲ್ಲ."

ಬಾಡಲ್ಲ ಅನ್ನುವುದು ನಿಜವೇ ಬಿಡಿ. ಸತ್ತು ಒಣಗಿದ ಹೂವು ಇನ್ನೆಲ್ಲಿ ಬಾಡುತ್ತೆ?

ಗೊತ್ತಿಲ್ಲದವರಿಗೆ ಹೇಳ್ತೀನಿ. ಅದು ಸ್ಟ್ರಾಫ್ಲವರ್ ಅನ್ನೋ ಬೇರೆ ಗಿಡದ ಒಣ ಹೂವು. ಮುಟ್ಟಿದರೆ ಕಾಗದದ ಹಾಗೆ ಸರಸರ ಅನ್ನುತ್ತೆ. ಅದನ್ನು ಬಿಸಿ ಗಮ್ ಹಾಕಿ ಕಳ್ಳಿಯ ತಲೆಗೆ ಅಂಟಿಸುತ್ತಾರೆ. ಮಜಾ ಏನು ಅಂದರೆ, ಒಣಗಿದ ಮೇಲೂ ಅದರ ಎಸಳು ತೇವ ಇದ್ದಾಗ ಮುಚ್ಚಿಕೊಳ್ಳುತ್ತೆ, ಬಿಸಿಲು ಬಂದಾಗ ಬಿಚ್ಚಿಕೊಳ್ಳುತ್ತೆ. ಮನೆಗೆ ತಂದವರು "ಅಯ್ಯೋ, ಬೆಳಿಗ್ಗೆ ಮುಚ್ಚಿತ್ತು, ಮಧ್ಯಾಹ್ನ ಅರಳಿದೆ ನೋಡಿ" ಅಂತ ಸಂಭ್ರಮ ಪಡುತ್ತಾರೆ. ಹೆಣ ಕಣ್ಣು ಮಿಟುಕಿಸಿದ ಹಾಗೆ.

ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ನಿಮಗೆ ಗೊತ್ತಲ್ಲ, ಆಗಲ್ಲ ನನಗೆ. "ಪುಟ್ಟಿ, ಆ ಹೂ ಅಂಟಿಸಿರೋದು" ಅಂದುಬಿಟ್ಟೆ. ಆ ಮಗುವಿನ ಮುಖ ನೋಡಿ ಪಾಪ ಅನ್ನಿಸಿತು. ಅಂಗಡಿಯವನು ನನ್ನ ಮುಖ ನೋಡಿದ ರೀತಿಗೆ ಏನೂ ಅನ್ನಿಸಲಿಲ್ಲ.

ಇದರಲ್ಲಿ ಗಿಡಕ್ಕೆ ಏನು ತೊಂದರೆ ಅಂತ ಕೇಳಬಹುದು. ನಮ್ಮ ಕಡೆಯವರಿಗೆ ತೆಂಗಿನ ಸುಳಿ ಗೊತ್ತು. ಸುಳಿ ಕೆಟ್ಟರೆ ಮರ ಹೋಯಿತು. ಈ ಉಂಡೆ ಕಳ್ಳಿಗಳಿಗೂ ಬೆಳೆಯುವ ಜಾಗ ನೆತ್ತಿಯಲ್ಲೇ. ಹೊಸ ಮುಳ್ಳು ಬರುವುದು ಅಲ್ಲಿಂದ, ಹಳೆಯವು ವರ್ಷ ವರ್ಷ ಕೆಳಗೆ ಜಾರುತ್ತವೆ. ಸರಿಯಾಗಿ ಅದೇ ಜಾಗಕ್ಕೆ ಬಿಸಿ ಗಮ್! ಕಿತ್ತರೆ ಚರ್ಮವೂ ಕಿತ್ತು ಬರುತ್ತೆ. ಕೀಳದಿದ್ದರೆ ಗಿಡ ಟೋಪಿ ಹಾಕಿಕೊಂಡು ಉಸಿರು ಬಿಗಿ ಹಿಡಿದು ಕೂತಿರುತ್ತೆ. ನೀರು ತುಂಬಿದ ದಪ್ಪ ಎಲೆಗಳಿಗೆ ನೀಲಿ, ಚಿನ್ನದ ಬಣ್ಣ ಸ್ಪ್ರೇ ಮಾಡಿದ ಸಕ್ಯುಲೆಂಟ್‌ಗಳೂ ಅಲ್ಲೇ ಇದ್ದವು. ಅದರ ಬಗ್ಗೆ ಬರೆಯಲ್ಲ. ಬರೆದರೆ ಈ ಪೋಸ್ಟ್ ಮುಗಿಯಲ್ಲ.

ಆ ಕೆಂಪು ಲಾಡು ಕೂರಿಸಿದಂತಿರುವ ಮೂನ್ ಕ್ಯಾಕ್ಟಸ್ ಬಗ್ಗೆ ಮಾತ್ರ ನನಗೆ ಅಷ್ಟು ಸಿಟ್ಟಿಲ್ಲ. 1941ರಲ್ಲಿ ಜಪಾನಿನಲ್ಲಿ ವತನಾಬೆ ಎಂಬ ಬೆಳೆಗಾರನ ಸಸಿಗಳ ನಡುವೆ ಕೆಂಪು ಸಸಿಗಳು ಕಾಣಿಸಿಕೊಂಡವು. ಹಸಿರೇ ಇಲ್ಲದ ಅದಕ್ಕೆ ಊಟ ಮಾಡಿಕೊಳ್ಳಲು ಬರಲ್ಲ. ಹಾಗಾಗಿ ಅದನ್ನು ಡ್ರ್ಯಾಗನ್ ಫ್ರೂಟ್ ಜಾತಿಯ ಕಾಂಡಕ್ಕೆ ಕಸಿ ಕಟ್ಟುತ್ತಾರೆ. ಕೆಲವೇ ವರ್ಷದ ಬಾಳು. ಆದರೂ ಬದುಕಿರುವ ಗಿಡ, ಕಸುಬು ಗೊತ್ತಿದ್ದವರು ಕಟ್ಟಿದ ಕಸಿ. ಗಮ್ ಅಲ್ಲ.

ನನ್ನ ಗೆಳತಿಯೊಬ್ಬಳಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದರೆ ಅವಳು ನಕ್ಕಳು. "ಹೂ ನೋಡಿ ಆದ್ರೂ ಜನ ಗಿಡ ತಗೊಳ್ತಾರಲ್ಲ ಬಿಡೇ. ಅವನೂ ಹೊಟ್ಟೆಪಾಡು ನೋಡ್ಬೇಕಲ್ಲ. ನಾವು ಮದುವೆಗೆ ಹೋಗುವಾಗ ಚೌರಿ ಹಾಕಿ ಜಡೆ ಹೆಣೀತೀವಿ, ಅದೇನು ಮೋಸವಾ?"

ಅಲ್ಲಮ್ಮಾ, ಚೌರಿಯನ್ನು ರಾತ್ರಿ ಬಿಚ್ಚಿಡ್ತೀವಿ. ಬಿಸಿ ಗಮ್ ಹಾಕಿ ನೆತ್ತಿಗೆ ಅಂಟಿಸಿಕೊಳ್ತೀವಾ?

ಇನ್ನು ಹೂ ನೋಡಿ ತಗೊಳ್ಳುವವರ ವಿಷಯ. ತಗೊಳ್ತಾರೆ, ಸರಿ. ಹೂ ಬಾಡದೇ ಇರಲಿ ಅಂತ ದಿನಾ ನೀರು ಹಾಕುತ್ತಾರೆ. ಗಿಡ ಕೂತಿರುವುದು ಬರೀ ನೀರು ಹಿಡಿದಿಡುವ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್‌ನಲ್ಲಿ. ತಿಂಗಳಿಗೆ ಬುಡ ಕೊಳೆತು, ಒತ್ತಿದರೆ ಹಣ್ಣಾದ ಟೊಮೆಟೊ ಹಾಗೆ ಮೆತ್ತಗಾಗುತ್ತೆ. ಹೂವು ಮಾತ್ರ ಹಾಗೇ ಇರುತ್ತೆ!

ಪಕ್ಕದ ಮನೆಯ ಆಂಟಿ ನನ್ನ ಟೆರೇಸ್ ನೋಡಿದಾಗಲೆಲ್ಲ "ಮುಳ್ಳಿನ ಗಿಡ ಮನೇಲಿ ಇಡಬಾರದು ಕಣಮ್ಮಾ" ಅನ್ನುತ್ತಾರೆ. ಅದೇ ಆಂಟಿ ವರ್ಷಕ್ಕೊಮ್ಮೆ ರಾತ್ರಿ ಹತ್ತಕ್ಕೆ ಬೀದಿಯವರನ್ನೆಲ್ಲ ಕರೆದು, ಊದುಬತ್ತಿ ಹಚ್ಚಿ, ಬ್ರಹ್ಮಕಮಲಕ್ಕೆ ಪೂಜೆ ಮಾಡುತ್ತಾರೆ. ನಾವು ಹಾಗೆ ಕರೆಯುವ ಆ ಗಿಡವೂ ಕಳ್ಳಿಯೇ! ಮೆಕ್ಸಿಕೋ ಕಡೆಯ ಕಾಡಿನದು. ಹಿಮಾಲಯದ ನಿಜವಾದ ಬ್ರಹ್ಮಕಮಲ ಬೇರೆಯೇ ಇದೆ. ನಾನು ಇದುವರೆಗೂ ಆಂಟಿಗೆ ಹೇಳಿಲ್ಲ. ಹೇಳೋದೂ ಇಲ್ಲ. ಯಾಕಂದರೆ ಅವರು ಮೊಗ್ಗು ಬಂದ ದಿನದಿಂದ ಕಾಯುತ್ತಾರೆ. ಇವತ್ತೋ ನಾಳೆಯೋ ಅಂತ ದಿನಾ ಟಾರ್ಚ್ ಹಿಡಿದು ನೋಡುತ್ತಾರೆ. ಒಂದೇ ರಾತ್ರಿಯ ಹೂವಿಗೆ ಇಷ್ಟು ಮರ್ಯಾದೆ. ನರ್ಸರಿಯವನು ಆ ಹುಡುಗಿಯಿಂದ ಕಿತ್ತುಕೊಂಡಿದ್ದು ಈ ಕಾಯುವ ಸುಖವನ್ನೇ ಅಲ್ವಾ?

ನಾನು ಬೀಜದಿಂದ ಬೆಳೆಸಿದ ಆಸ್ಟ್ರೋಫೈಟಮ್ ಅನ್ನೋ ಕಳ್ಳಿಯ ಫೋಟೋ ನೋಡಿ ನೋಡಿ ನಿಮಗೆಲ್ಲ ಬೇಜಾರಾಗಿದೆ, ಗೊತ್ತು. ಆದರೂ ಹೇಳ್ತೀನಿ. ಊಟದ ಪಾರ್ಸಲ್ ಡಬ್ಬಿಯಲ್ಲಿ ಬೀಜ ಹಾಕಿ ಮುಚ್ಚಳ ಮುಚ್ಚಿದ್ದೆ. ಐದನೇ ದಿನ ಹಸಿರು ಸಾಸಿವೆ ಚೆಲ್ಲಿದಂತೆ ಮೊಳಕೆ. ವರ್ಷ ಕಳೆದಾಗ ಬಟಾಣಿ ಕಾಳಿನಷ್ಟು. ಐದನೇ ವರ್ಷ, ಒಂದು ಮಧ್ಯಾಹ್ನ, ನಡುವೆ ಕೆಂಪು ಹಚ್ಚಿದಂಥ ತಿಳಿ ಹಳದಿ ಹೂವು. ಸಂಜೆಗೆ ಮುಚ್ಚಿತು. ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದೆ. ಕಾರಣ ಹೊಟ್ಟೆನೋವು ಅಂತ ಬರೆದಿದ್ದೆ.

ಚಳ್ಳಕೆರೆಯಲ್ಲಿದ್ದ ನಮ್ಮಪ್ಪ ಇದನ್ನೆಲ್ಲ ಕೇಳಿ, "ಅಲ್ಲವ್ವಾ, ಬೇಲಿ ಗಿಡಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ?" ಅಂದಿದ್ದರು. ಆ ಬೇಲಿಯ ಪಾಪಾಸುಕಳ್ಳಿಯೂ ಅಮೆರಿಕದಿಂದ ಬಂದದ್ದೇ ಅಂದರೆ ನಂಬಲಿಲ್ಲ. ಹಾಗೆ ನೋಡಿದರೆ ಕಳ್ಳಿ ವಿಷಯದಲ್ಲಿ ಮೋಸ ಹೋಗುವುದು ಹೊಸದೇನಲ್ಲ. 1795ರಲ್ಲಿ ಕಳ್ಳಿ ತಿಂದು ಬದುಕುವ ಒಂದು ಹುಳುವಿನಿಂದ ಕೆಂಪು ಬಣ್ಣ ತೆಗೆಯೋಣ ಅಂತ ಇಂಗ್ಲಿಷರು ಬ್ರೆಜಿಲ್‌ನಿಂದ ಕಳ್ಳಿ ಹುಳು ತರಿಸಿದರು. ಬಂದದ್ದು ಬೇರೆ ಜಾತಿಯ ಹುಳು. ಒಳ್ಳೆ ಬಣ್ಣ ಸಿಗಲಿಲ್ಲ, ಹುಳು ಒಂದು ಜಾತಿಯ ಪಾಪಾಸುಕಳ್ಳಿಯನ್ನೇ ತಿಂದು ಹಾಕಿತು. ಕಂಪನಿ ಸರ್ಕಾರಕ್ಕೇ ಹೀಗಾಗಿದೆ, ಇನ್ನು ನಾವ್ಯಾವ ಲೆಕ್ಕ.

ಹೌದು, "ನಾವು" ಅಂತಲೇ ಬರೆದೆ. ಹನ್ನೊಂದು ವರ್ಷದ ಹಿಂದೆ ನಾನು ಕೊಂಡ ಮೊದಲ ಕಳ್ಳಿಯ ಮೇಲೂ ಇದೇ ಹೂವಿತ್ತು. ಗುಲಾಬಿ ಬಣ್ಣದ್ದು. ಇಲ್ಲೇ ಫೋಟೋ ಹಾಕಿ "ನಮ್ಮ ಮನೆಯ ಮೊದಲ ಹೂವು" ಅಂತ ಬರೆದಿದ್ದೆ. ನೂರಕ್ಕೂ ಜಾಸ್ತಿ ಲೈಕು! ನಿಮ್ಮಲ್ಲಿ ಅರ್ಧ ಜನ ಲೈಕ್ ಮಾಡಿದ್ದೀರಿ, ನಗಬೇಡಿ. ಒಂದು ತಿಂಗಳಾದ ಮೇಲೆ ಧೂಳು ಒರೆಸುವಾಗ ಹೂವು ಕೈಗೆ ಬಂತು. ಅಡಿಯಲ್ಲಿ ಗಟ್ಟಿ ಗಮ್, ಗಮ್ಮಿಗೆ ಅಂಟಿದ ಒಂದಿಷ್ಟು ಮುಳ್ಳು. ಗಿಡ ಒಂದು ವರ್ಷ ಅಲ್ಲಾಡಲಿಲ್ಲ. ಆಮೇಲೆ ಪಕ್ಕದಿಂದ ಎರಡು ಮರಿ ಒಡೆಯಿತು. ಈಗ ಆ ಎರಡು ತಲೆಗಳ ಸುತ್ತ ವರ್ಷ ವರ್ಷ ಪುಟ್ಟ ಗುಲಾಬಿ ಹೂಗಳು ಬಳೆ ತೊಡಿಸಿದ ಹಾಗೆ ಬರುತ್ತವೆ. ಆ ಹೂವಿನ ಫೋಟೋಗೆ ಬಂದದ್ದು ಹದಿನೇಳು ಲೈಕು.

ಭಾನುವಾರ ಆ ನರ್ಸರಿಯವನು ಸುಮ್ಮನೆ ಬಿಡಲಿಲ್ಲ. "ಅಕ್ಕಾ, ಹೂ ಅಂಟಿಸದೇ ಇರೋವು ಅಲ್ಲಿ ಮೂಲೇಲಿ ಬಿದ್ದಿವೆ ನೋಡಿ. ಎರಡು ತಿಂಗಳಾಯ್ತು, ಒಬ್ರೂ ಮುಟ್ಟಿಲ್ಲ. ನೀವಾದ್ರೂ ತಗೊಳ್ಳಿ" ಅಂದ. ಹೋಗಿ ನೋಡಿದರೆ ಧೂಳು ಹಿಡಿದ ನಾಲ್ಕು. ಒಂದರ ಬುಡದಲ್ಲಿ ರಸ ಹೀರುವ ಹಿಟ್ಟುತಿಗಣೆ ಹುಳು ಬೇರೆ.

ನಾಲ್ಕೂ ತಂದೆ. ಮನೆಯವರಿಗೆ ಎರಡು ಅಂತ ಹೇಳಿದ್ದೀನಿ. ಅವರು ಫೇಸ್‌ಬುಕ್ ನೋಡಲ್ಲ, ನೀವು ಯಾರೂ ಟ್ಯಾಗ್ ಮಾಡಬೇಡಿ.