ಎದೋಮಿಗೆ ಶಿಕ್ಷೆ ಸರಿ, ತಪ್ಪೇನಿತ್ತು?

ಪಶ್ಚಿಮ ಏಷ್ಯಾದಲ್ಲಿ ಒಂದು ಬಾಂಬ್ ಬಿದ್ದರೆ ಸಾಕು, ವಾಟ್ಸಾಪ್‌ನಲ್ಲಿ ಬೈಬಲಿನ ಪ್ರವಾದನೆಗಳ ಸುರಿಮಳೆ. ಬೈಬಲಿನಲ್ಲಿ ಬರುವ ಹಳೆಯ ಎದೋಮ್ ರಾಜ್ಯ ಅಂದರೆ ಈಗಿನ ಜೋರ್ಡಾನ್, ಅದಕ್ಕೆ ಗ್ರಹಚಾರ ಕಾದಿದೆ ಅಂತ ನಕ್ಷೆ ಬೇರೆ. ಇದನ್ನು ಕಳಿಸುವವರು ಎದೋಮಿನ ಶಿಕ್ಷೆಯನ್ನು ಸಾರುವ ಪ್ರವಾದಿ ಓಬದ್ಯನ ಪುಸ್ತಕವನ್ನು ಪೂರ್ತಿ ಓದಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಇರುವುದೇ 21 ವಚನ. ಹಳೆ ಒಡಂಬಡಿಕೆಯಲ್ಲಿ ಅದಕ್ಕಿಂತ ಚಿಕ್ಕ ಪುಸ್ತಕವೇ ಇಲ್ಲ.

ಎಲ್ಲರಿಗೂ ಇಷ್ಟ ಆಗುವುದು ಶಿಕ್ಷೆಯ ಭಾಗ. ಹದ್ದಿನ ಹಾಗೆ ಎತ್ತರದಲ್ಲಿ ಗೂಡು ಕಟ್ಟಿದರೂ ಕೆಳಗಿಳಿಸುತ್ತೇನೆ ಅಂತ ದೇವರು ಎದೋಮಿಗೆ ಹೇಳುವ ಮಾತು. ತಪ್ಪೇನು ಅಂತಲೂ ನೋಡಬೇಕಲ್ವಾ? ಅದು 10ರಿಂದ 14ನೇ ವಚನಗಳಲ್ಲಿದೆ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ (ಬ್ಯಾಬಿಲೋನಿನ) ಸೈನ್ಯ ಯೆಹೂದ್ಯರ ಯೆರೂಸಲೇಮನ್ನು ಸುಟ್ಟಿತು. ಇಲ್ಲಿರುವುದು ಆ ದಿನದ ಕಥೆ ಅಂತಲೇ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಅಂದು ಎದೋಮ್ಯರು ಮೊದಲು ದೂರ ನಿಂತು ನೋಡಿದರು. ಆಮೇಲೆ ಹಿಗ್ಗಿದರು. ಆಮೇಲೆ ಒಳಗೆ ನುಗ್ಗಿ ಆಸ್ತಿಗೆ ಕೈ ಹಾಕಿದರು. ಕೊನೆಗೆ ಕವಲುದಾರಿಯಲ್ಲಿ ಕಾದು ನಿಂತು, ಹೇಗೋ ಜೀವ ಉಳಿಸಿಕೊಂಡು ಓಡಿಬರುತ್ತಿದ್ದವರನ್ನು ಹಿಡಿದು ಶತ್ರುವಿಗೆ ಒಪ್ಪಿಸಿದರು. ಬಾಬೆಲಿನವರ ಕ್ರೌರ್ಯಕ್ಕಿಂತ ಆ ಕವಲುದಾರಿಯೇ ನನ್ನನ್ನು ಜಾಸ್ತಿ ಕಾಡುತ್ತದೆ.

ಯಾಕೆಂದರೆ ಇವರು ಪರಕೀಯರಲ್ಲ. ಎದೋಮ್ಯರ ಮೂಲಪುರುಷ ಏಸಾವ ಮತ್ತು ಯೆಹೂದ್ಯರ ಮೂಲಪುರುಷ ಯಾಕೋಬ ಅವಳಿ ಮಕ್ಕಳು. ಮನೆ ಹತ್ತಿ ಉರಿಯುವಾಗ ಹಿತ್ತಲಿನಿಂದ ಪಾತ್ರೆ ಹೊತ್ತೊಯ್ಯುವ ದಾಯಾದಿಯ ಕೆಲಸ ಇದು. ಎದೋಮ್ಯನು ನಿಮ್ಮ ಸಹೋದರ, ಅವನನ್ನು ಅಸಹ್ಯಪಡಬೇಡಿ ಅಂತ ಬೈಬಲಿನ ಧರ್ಮೋಪದೇಶಕಾಂಡದಲ್ಲೇ ಬರೆದಿದೆ. ಅದನ್ನು ಮಾತ್ರ ಯಾಕೋ ಯಾರೂ ಹಂಚಿಕೊಳ್ಳುವುದಿಲ್ಲ!

ಇನ್ನು ಆ ನಕ್ಷೆಯ ವಿಷಯ. ಎದೋಮ್ ರಾಜ್ಯ ಕ್ರಿ.ಪೂ. 6ನೇ ಶತಮಾನದಲ್ಲೇ ಮುಗಿಯಿತು. ಮುಗಿಸಿದ್ದು ಬಹುಶಃ ಅದೇ ಬಾಬೆಲಿನ ರಾಜ ನಬೊನಿಡಸ್. ಅವನು ಕೊರೆಸಿದ ಶಿಲಾಚಿತ್ರ ಜೋರ್ಡಾನಿನ ಸೆಲಾ ಬಂಡೆಯ ಮೇಲೆ ಇವತ್ತಿಗೂ ಇದೆ. ಮುಂದೆ ಅಲ್ಲಿ ನೆಲೆಯೂರಿ ಪೆಟ್ರಾ ಕಟ್ಟಿದವರು ನಬಾತಿಯರು. ಎದೋಮ್ಯರಲ್ಲಿ ಅನೇಕರು ಯೆಹೂದದ ದಕ್ಷಿಣದಲ್ಲಿ ನೆಲೆಸಿದರು. ಆ ಸೀಮೆಗೆ ಇದೂಮಾಯ ಅಂತ ಹೆಸರಾಯಿತು. ಕ್ರಿ.ಪೂ. 2ನೇ ಶತಮಾನದ ಕೊನೆಯ ಹೊತ್ತಿಗೆ ಯೆಹೂದ್ಯರ ಆಡಳಿತಗಾರ ಯೋಹಾನ ಹಿರ್ಕಾನಸ್ ಈ ಇದೂಮಾಯರನ್ನು ಯೆಹೂದಿ ಧರ್ಮಕ್ಕೆ ಸೇರಿಸಿದ, ಒತ್ತಾಯದಿಂದಲೇ ಅಂತ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ. ಯೆರೂಸಲೇಮಿನ ದೇವಾಲಯವನ್ನು ಭವ್ಯವಾಗಿ ಮತ್ತೆ ಕಟ್ಟಿಸಿದ ರಾಜ ಹೆರೋದನೂ ಇದೂಮಾಯದ ಮನೆತನದವನೇ. ಕ್ರಿ.ಶ. 70ರಲ್ಲಿ ರೋಮನ್ನರು ಅದೇ ಊರಿಗೆ ಮುತ್ತಿಗೆ ಹಾಕಿದಾಗ ಸಾವಿರಾರು ಇದೂಮಾಯರು ಗೋಡೆಯ ಒಳಗಿದ್ದು ಹೋರಾಡಿದರು. ಅವರೇನು ಸಾಧುಗಳಲ್ಲ, ಅದಕ್ಕೂ ಮೊದಲು ಅದೇ ಊರಿನಲ್ಲಿ ರಕ್ತ ಹರಿಸಿದ್ದರು. ಆದರೆ ಈ ಸಲ ದೂರ ನಿಂತು ನೋಡಲಿಲ್ಲ.