ದಿನ ಬಿಟ್ಟು ದಿನ ಉಳಿತಾಯ

ಜಲಾಶಯದ ತಳದ ಬಂಡೆಗಳು ತಲೆ ಎತ್ತಿದ ಮೇಲೆ ನಗರದ ಜಲಮಂಡಳಿಗೆ ಎಚ್ಚರವಾಗುತ್ತದೆ. ಎಚ್ಚರವಾದ ಕೂಡಲೇ ಒಂದು ಸಭೆ, ಸಭೆ ಮುಗಿದ ಕೂಡಲೇ ಒಂದು ಸುತ್ತೋಲೆ. ಅದರಲ್ಲಿ ಏನಿರುತ್ತದೆಂದು ಓದದೆಯೂ ಹೇಳಬಹುದು: ಕಾರು ತೊಳೆಯಬೇಡಿ, ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ, ಫ್ಲಷ್ ಟ್ಯಾಂಕಿನೊಳಗೆ ಇಟ್ಟಿಗೆ ಇಡಿ, ನಲ್ಲಿಗಳಿಗೆ ಏರೇಟರ್ ಹಾಕಿಸಿ, ತಪ್ಪಿದರೆ ದಂಡ ಕಟ್ಟಿ. ಕೊನೆಯ ಸಾಲು ದಪ್ಪಕ್ಷರದಲ್ಲಿ: ನಾಳೆಯಿಂದ ದಿನ ಬಿಟ್ಟು ದಿನ ನೀರು. ಅಲ್ಲಿಗೆ ಮಂಡಳಿಯ ಬರ ನಿರ್ವಹಣೆ ಮುಗಿಯಿತು, ಉಳಿದದ್ದನ್ನು ವರುಣ ನೋಡಿಕೊಳ್ಳುತ್ತಾನೆ.

ಇಟ್ಟಿಗೆಯ ವಿಚಾರ ಮೊದಲು. ಒಂದು ಇಟ್ಟಿಗೆ ಪ್ರತಿ ಫ್ಲಷ್‌ಗೆ ಹೆಚ್ಚೆಂದರೆ ಒಂದೂವರೆ ಲೀಟರ್ ಉಳಿಸುತ್ತದೆ. ಸುಟ್ಟ ಮಣ್ಣು ತಿಂಗಳುಗಟ್ಟಲೆ ನೀರಿನಲ್ಲಿ ನೆನೆದರೆ ಉದುರತೊಡಗುತ್ತದೆ. ಆ ಪುಡಿ ನೇರ ಹೋಗಿ ಕೂರುವುದು ತಳದ ರಬ್ಬರ್ ಮುಚ್ಚಳದ ಅಂಚಿನಲ್ಲಿ. ಒಂದು ಮರಳಿನ ಕಣ ಸಿಕ್ಕಿಕೊಂಡರೂ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಹಗಲೂ ರಾತ್ರಿ ಸದ್ದಿಲ್ಲದೆ ನೀರು ಜಾರುತ್ತದೆ, ದಿನಕ್ಕೆ ನೂರಾರು ಲೀಟರ್ ಹೋದರೂ ಮನೆಯವರಿಗೆ ಗೊತ್ತಾಗುವುದಿಲ್ಲ. ಮರಳು ಮತ್ತು ನೀರು ತುಂಬಿ ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಬಾಟಲಿ ಇಟ್ಟರೆ ಈ ರಗಳೆ ಇಲ್ಲ. ಅದಕ್ಕಿಂತ ಮೊದಲು ಟ್ಯಾಂಕಿಗೆ ನಾಲ್ಕು ಹನಿ ಬಣ್ಣ ಹಾಕಿ, ಇಪ್ಪತ್ತು ನಿಮಿಷ ಫ್ಲಷ್ ಮಾಡದೆ ಬಿಟ್ಟು, ಕಮೋಡಿನ ನೀರಿಗೆ ಬಣ್ಣ ಇಳಿದಿದೆಯೇ ಎಂದು ನೋಡಬೇಕು. ಇಳಿದಿದ್ದರೆ ಆ ರಬ್ಬರ್ ಬದಲಿಸುವುದೇ ನಿಜವಾದ ಉಳಿತಾಯ. ಆದರೆ ರಬ್ಬರ್ ಬದಲಿಸುವ ಫೋಟೋ ಜಾಹೀರಾತಿಗೆ ಒಪ್ಪುವುದಿಲ್ಲ.

ಏರೇಟರ್ ಮಹಿಮೆಯೂ ಅಷ್ಟೇ. ನಿಮಿಷಕ್ಕೆ ಹನ್ನೆರಡು ಲೀಟರ್ ಸುರಿಸುವ ನಲ್ಲಿಯನ್ನು ಐದಾರು ಲೀಟರಿಗೆ ಇಳಿಸುವ ಜಾಲರಿ ಅದು. ಕೈ ತೊಳೆಯುವ ಬೇಸಿನ್ನಿಗೆ ಹೇಳಿ ಮಾಡಿಸಿದ್ದು. ಬಚ್ಚಲಿನ ನಲ್ಲಿಗೆ ಹಾಕಿದರೆ ಮಾತ್ರ ಇಪ್ಪತ್ತು ಲೀಟರಿನ ಬಕೆಟ್ ಇಪ್ಪತ್ತು ಲೀಟರನ್ನೇ ಹಿಡಿಯುತ್ತದೆ, ತುಂಬಲು ಎರಡು ಪಟ್ಟು ಹೊತ್ತು ಬೇಕು. ಉಳಿಯುವುದು ನೀರಲ್ಲ, ಬಕೆಟ್ ಮುಂದೆ ನಿಂತವರ ತಾಳ್ಮೆಯೂ ಅಲ್ಲ. ದಿನ ಬಿಟ್ಟು ದಿನ ಬರುವ ನೀರಿನ ಜೊತೆ ಬರುವ ಮಣ್ಣು-ತುಕ್ಕು ಆ ಜಾಲರಿಯನ್ನು ಕಟ್ಟಿಹಾಕುತ್ತದೆ. ಜನ ಅದನ್ನು ಬಿಚ್ಚಿ ಕಿಟಕಿಯ ಮೇಲಿಟ್ಟು ಮರೆಯುತ್ತಾರೆ. ಎಷ್ಟು ಏರೇಟರ್ ಅಳವಡಿಸಲಾಯಿತು ಎಂಬ ಲೆಕ್ಕ ವರದಿಯಲ್ಲಿ ಭದ್ರವಾಗಿರುತ್ತದೆ, ಎಷ್ಟು ಕಿಟಕಿ ಸೇರಿದವು ಎಂಬುದಕ್ಕೆ ನಮೂನೆಯೇ ಇಲ್ಲ.

ಇಷ್ಟು ಹೊತ್ತಿಗೆ ರಸ್ತೆಯ ಕೆಳಗೆ ಏನು ನಡೆಯುತ್ತಿರುತ್ತದೆ? ಪೆನ್ಸಿಲ್‌ಗಿಂತ ತುಸು ಸಣ್ಣದೊಂದು ತೂತು, ಆರು ಮಿಲಿಮೀಟರ್ ಎನ್ನೋಣ, ಮೂವತ್ತು ಮೀಟರ್ ಎತ್ತರದ ನೀರಿನ ಒತ್ತಡದಲ್ಲಿ ದಿನಕ್ಕೆ ಸುಮಾರು 35,000 ಲೀಟರ್ ಹೊರಹಾಕುತ್ತದೆ. ತಲೆಗೆ ಐವತ್ತು ಲೀಟರ್ ಲೆಕ್ಕದಲ್ಲಿ ಏಳುನೂರು ಜನರ ನೀರು. ಇಂಥ ತೂತುಗಳು ಹೆಚ್ಚಾಗಿ ಇರುವುದು ದೊಡ್ಡ ಕೊಳವೆಯಲ್ಲಲ್ಲ, ಅದರಿಂದ ಮನೆಗೆ ಸಂಪರ್ಕ ಕೊಟ್ಟ ಫೆರೂಲ್ ಎಂಬ ಜೋಡಣೆಯ ಬಳಿ, ಅದನ್ನು ಕೊಳವೆಗೆ ಬಿಗಿದ ಸ್ಯಾಡಲ್ ಪಟ್ಟಿ ಸಡಿಲಾದ ಕಡೆ. ದೊಡ್ಡ ಕೊಳವೆ ಒಡೆದರೆ ರಸ್ತೆ ಹೊಳೆಯಾಗುತ್ತದೆ, ಟಿವಿಯವರು ಬರುತ್ತಾರೆ, ಸಂಜೆಯೊಳಗೆ ರಿಪೇರಿಯಾಗುತ್ತದೆ. ಫೆರೂಲಿನ ಸೋರಿಕೆ ಸದ್ದಿಲ್ಲದೆ ಚರಂಡಿ ಸೇರುತ್ತ ವರ್ಷಗಟ್ಟಲೆ ಸೇವೆಯಲ್ಲಿರುತ್ತದೆ. ಅದಕ್ಕೆ ನೋಟಿಸ್ ಕೊಡಲು ಬರುವುದಿಲ್ಲ, ದಂಡ ವಿಧಿಸಲೂ ಬರುವುದಿಲ್ಲ. ಕಾರು ತೊಳೆಯುವವನು ಕಣ್ಣಿಗೆ ಕಾಣುತ್ತಾನೆ.

ಇದನ್ನು ಹಿಡಿಯುವ ವಿದ್ಯೆ ಹಳೆಯದು. ಊರನ್ನು ಐನೂರರಿಂದ ಮೂರು ಸಾವಿರ ಸಂಪರ್ಕಗಳ ತುಂಡುಗಳಾಗಿ ಬೇರ್ಪಡಿಸಿ, ಪ್ರತಿ ತುಂಡಿನ ಬಾಯಿಗೆ ಒಂದು ಮೀಟರ್ ಕೂರಿಸಿ, ರಾತ್ರಿ ಎರಡರಿಂದ ನಾಲ್ಕರವರೆಗೆ ಓದಬೇಕು. ಆ ಹೊತ್ತಿನಲ್ಲಿ ಎದ್ದಿರುವವರು ಕೆಲವೇ ಜನ. ಅವರ ಬಳಕೆ ಕಳೆದು ಉಳಿದದ್ದೆಲ್ಲ ಸೋರಿಕೆ. ಯಾವ ತುಂಡಿನಲ್ಲಿ ಹೆಚ್ಚು ಹರಿಯುತ್ತಿದೆಯೋ ಅಲ್ಲಿಗೆ ಆಲಿಸುವ ಕಂಬಿ ಹಿಡಿದ ಒಬ್ಬರನ್ನು ಕಳಿಸಿದರೆ, ವಾಲ್ವ್ ತಿರುಗಿಸುವ ಸ್ಪಿಂಡಲ್ ದಂಡದ ಮೇಲೆ ಕಂಬಿಯಿಟ್ಟು ಕಿವಿಗೊಟ್ಟು ಬುಸ್ಸೆನ್ನುವ ಸದ್ದು ಹುಡುಕುತ್ತಾರೆ. ಬೇಕಿರುವುದು ಎರಡೇ: ರಾತ್ರಿಯಿಡೀ ಕೊಳವೆಯಲ್ಲಿ ಒತ್ತಡ, ಸುತ್ತ ನಿಶ್ಶಬ್ದ.

ದಿನ ಬಿಟ್ಟು ದಿನದ ಯೋಜನೆ ಈ ಎರಡನ್ನೂ ಒಂದೇ ಏಟಿಗೆ ಮುಗಿಸುತ್ತದೆ. ರಾತ್ರಿ ಕೊಳವೆ ಖಾಲಿ, ಸದ್ದಿಲ್ಲ. ನೀರು ಬಿಟ್ಟ ಎರಡು ಗಂಟೆ ಊರಿನ ಎಲ್ಲ ನಲ್ಲಿಗಳೂ ಬಾಯಿ ತೆರೆದಿರುತ್ತವೆ, ಆ ಗದ್ದಲದಲ್ಲಿ ಸೋರಿಕೆಯ ಸದ್ದು ಯಾರಿಗೆ ಕೇಳೀತು? ಖಾಲಿ ಕೊಳವೆ ಸೋರುವುದಿಲ್ಲವಾದ್ದರಿಂದ ವರದಿಯಲ್ಲಿ ‘ಸೋರಿಕೆ ಗಣನೀಯ ಇಳಿಕೆ’ ಎಂದು ಬರೆಯುವುದಕ್ಕೆ ಅಡ್ಡಿಯಿಲ್ಲ. ಇದೇ ತರ್ಕ ಹಿಡಿದು ಸರಬರಾಜನ್ನೇ ಪೂರ್ತಿ ನಿಲ್ಲಿಸಿದರೆ ಸೋರಿಕೆ ಶೂನ್ಯ. ಆ ಸಾಧನೆಗೂ ಕೆಲವು ನಗರಗಳು ಹತ್ತಿರವಾಗಿವೆ.

ಅರ್ಧ ಹೊತ್ತು ಕೊಟ್ಟರೆ ಅರ್ಧ ಖರ್ಚು ಎಂಬ ಗಣಿತ ಮಂಡಳಿಯ ಕಚೇರಿಯಲ್ಲಿ ಮಾತ್ರ ನಡೆಯುತ್ತದೆ. ನಾಳೆ ನೀರಿಲ್ಲ ಎಂದು ಗೊತ್ತಾದವರು ಸಂಪು, ಡ್ರಮ್ಮು, ಬಕೆಟ್, ಪಾತ್ರೆ, ಎಲ್ಲವನ್ನೂ ಇವತ್ತೇ ತುಂಬುತ್ತಾರೆ. ನಾಡಿದ್ದು ಹೊಸ ನೀರು ಬಂದಾಗ ಉಳಿದ ಹಳೆಯದನ್ನು ಚೆಲ್ಲುತ್ತಾರೆ. ನಡುರಾತ್ರಿ ಬಂದೀತೆಂದು ತೆರೆದಿಟ್ಟ ನಲ್ಲಿ ಮನೆಯವರು ಮಲಗಿದ ಮೇಲೆ ಸುರಿಯುತ್ತದೆ. ಇನ್ನು ಇಡೀ ದಿನದ ಬೇಡಿಕೆ ಎರಡು ಗಂಟೆಗೆ ಬಂದು ಬಿದ್ದಾಗ ಕೊಳವೆಯ ಹರಿವು ನಾಲ್ಕು ಪಟ್ಟಾದರೆ, ಘರ್ಷಣೆಯಲ್ಲಿ ಕಳೆದುಹೋಗುವ ಒತ್ತಡ ಸುಮಾರು ಹದಿನಾರು ಪಟ್ಟಾಗುತ್ತದೆ. ಆದ್ದರಿಂದ ಸಾಲಿನ ಮೊದಲ ಮನೆಯ ಸಂಪು ಉಕ್ಕುವಾಗ ಕೊನೆಯ ಮನೆಯ ನಲ್ಲಿಯಲ್ಲಿ ಬರುವುದು ಬರಿ ಗಾಳಿ. ಗಾಳಿಗೂ ಮೀಟರ್ ತಿರುಗುತ್ತದೆ, ತಿರುಗಿದ ಮೇಲೆ ಬಿಲ್ ಬರುತ್ತದೆ. ಬರಗಾಲದಲ್ಲೂ ನಿಲ್ಲದೆ ಸರಬರಾಜಾಗುವ ವಸ್ತು ಇದೊಂದೇ.

ವಾಲ್ವ್‌ಮ್ಯಾನ್ ಪಾಡು ಕೇಳುವವರಿಲ್ಲ. ಬೆಳಗಾಗುವುದರೊಳಗೆ ಹತ್ತಿಪ್ಪತ್ತು ವಾಲ್ವ್ ತೆರೆದು, ಅಷ್ಟನ್ನೇ ಮುಚ್ಚಬೇಕು. ಸ್ಲೂಯಿಸ್ ವಾಲ್ವನ್ನು ನಿಧಾನವಾಗಿ ತಿರುಗಿಸಬೇಕೆಂದು ಅವನಿಗೂ ಗೊತ್ತು, ಆದರೆ ಮುಂದಿನ ಬೀದಿಯವರು ಫೋನ್ ಮಾಡುತ್ತಿದ್ದಾರೆ. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರನ್ನು ಕಬ್ಬಿಣದ ಕೊಳವೆಯಲ್ಲಿ ಗಕ್ಕನೆ ನಿಲ್ಲಿಸಿದರೆ ಏಳುವ ಆಘಾತ ಸುಮಾರು ನೂರು ಮೀಟರ್ ನೀರಿನ ಒತ್ತಡಕ್ಕೆ ಸಮ. ಸಡಿಲಾಗಿದ್ದ ಜಾಯಿಂಟುಗಳು ಇಂಥ ನಾಲ್ಕು ಹೊಡೆತಕ್ಕೆ ಬಿಡುತ್ತವೆ. ಸ್ಪಿಂಡಲ್ ಸುತ್ತ ಸೋರದಂತೆ ತುರುಕಿದ ಪ್ಯಾಕಿಂಗ್ ಸವೆದು, ವಾಲ್ವ್ ಕೂತ ಗುಂಡಿಯಲ್ಲಿ, ಅಂದರೆ ಛೇಂಬರಿನಲ್ಲಿ, ಮೊಣಕಾಲುದ್ದ ಕೊಳಕು ನೀರು ನಿಲ್ಲುತ್ತದೆ. ಸರಬರಾಜು ನಿಂತಾಗ ಕೊಳವೆಯೊಳಗೆ ನಿರ್ವಾತ. ಹೊರಗೆ ಹೋಗಲು ಇದ್ದ ದಾರಿಯಲ್ಲೇ ಛೇಂಬರಿನ ನೀರು ಒಳಗೆ ಬರುತ್ತದೆ, ಪಕ್ಕದ ಚರಂಡಿಯದೂ ಬರುತ್ತದೆ. ಇದು ಸಾಲದೆಂದು ಕೆಲವರು ಸಂಪರ್ಕಕ್ಕೆ ನೇರ ಮೋಟಾರ್ ಹಚ್ಚಿ ಹೀರುತ್ತಾರೆ. ವಾಂತಿಭೇದಿಯ ಸುದ್ದಿ ಬಂದ ಮೇಲೆ ಮಂಡಳಿ ಕ್ಲೋರಿನ್ ಹೆಚ್ಚಿಸುತ್ತದೆ, ಜನ ವಾಸನೆಯೆಂದು ಮೊದಲ ಹತ್ತು ನಿಮಿಷದ ನೀರನ್ನು ಹೊರಗೆ ಬಿಡುತ್ತಾರೆ. ಅದನ್ನೂ ಉಳಿತಾಯದ ಖಾತೆಗೆ ಹಾಕಿಕೊಳ್ಳಬಹುದು.

ನೀರು ನಿಲ್ಲಿಸದೆ ಒತ್ತಡವನ್ನಷ್ಟೇ ಇಳಿಸುವ ದಾರಿಯೊಂದಿದೆ. ಒತ್ತಡ ತಗ್ಗಿಸುವ ವಾಲ್ವ್ ಕೂರಿಸಿ ಮೂವತ್ತು ಮೀಟರನ್ನು ರಾತ್ರಿ ಹದಿನೈದಕ್ಕೆ ತಂದರೆ ಕಬ್ಬಿಣದ ಕೊಳವೆಯ ದುಂಡು ತೂತಿನ ಸೋರಿಕೆ ಸುಮಾರು ಶೇ. 30 ಇಳಿಯುತ್ತದೆ. ಪ್ಲಾಸ್ಟಿಕ್ ಕೊಳವೆಯ ಉದ್ದ ಸೀಳಾದರೆ ಒತ್ತಡ ಇಳಿದಂತೆ ಸೀಳೂ ಮುಚ್ಚಿಕೊಳ್ಳುವುದರಿಂದ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಒಂದು ಗುದ್ದಲಿಯೂ ಬೇಡ. ಕೇಪ್ ಟೌನ್ 2018ರಲ್ಲಿ ತಲೆಗೆ ದಿನಕ್ಕೆ 50 ಲೀಟರ್ ಮಿತಿ ಹಾಕಿದ್ದು ಲೋಕಕ್ಕೆಲ್ಲ ಗೊತ್ತು, ನಲ್ಲಿ ಬತ್ತುವ ‘ಡೇ ಝೀರೋ’ ಹೆಸರೂ ಗೊತ್ತು. ಅದೇ ನಗರ ಬಡಾವಣೆಗಳ ಒತ್ತಡ ತಗ್ಗಿಸುತ್ತ ಹೋದದ್ದು ಯಾರ ಬಾಯಲ್ಲೂ ಬರುವುದಿಲ್ಲ. ವಾಲ್ವಿಗೆ ಟೇಪು ಕತ್ತರಿಸಿ ಉದ್ಘಾಟನೆ ಮಾಡಬೇಕೆಂದರೆ ಗಣ್ಯರು ಛೇಂಬರಿಗೆ ಇಳಿಯಬೇಕಾಗುತ್ತದೆ.

ಗಣ್ಯರಿಗೆ ಒಪ್ಪುವ ಕೆಲಸ ಬೇರೆ. 2017ರ ಏಪ್ರಿಲ್‌ನಲ್ಲಿ ತಮಿಳುನಾಡಿನ ವೈಗೈ ಅಣೆಕಟ್ಟೆಯಲ್ಲಿ ಸಚಿವ ಸೆಲ್ಲೂರು ರಾಜು ನೀರು ಆವಿಯಾಗದಂತೆ ಥರ್ಮೋಕೋಲ್ ಹಾಳೆಗಳನ್ನು ತೇಲಿಬಿಟ್ಟರು. ಹಾಳೆಗಳು ಗಾಳಿಗೆ ದಡ ಸೇರಿದವು. ಲಾಸ್ ಏಂಜಲೀಸ್ 2015ರಲ್ಲಿ 9.6 ಕೋಟಿ ಕಪ್ಪು ಚೆಂಡುಗಳನ್ನು ಜಲಾಶಯಕ್ಕೆ ಸುರಿದಾಗ ಅವು ನಿಂತವು, ಏಕೆಂದರೆ ಹಾರದಿರಲೆಂದು ಚೆಂಡುಗಳ ಹೊಟ್ಟೆಯಲ್ಲಿ ನೀರು ತುಂಬಿತ್ತು. ಅಲ್ಲಿಯ ಮುಖ್ಯ ಚಿಂತೆ ಬಿಸಿಲಿಗೆ ನೀರಿನಲ್ಲಿ ಬ್ರೋಮೇಟ್ ಎಂಬ ಹಾನಿಕರ ರಾಸಾಯನಿಕ ಹುಟ್ಟುವುದಾಗಿತ್ತು, ಆವಿ ಎರಡನೆಯದು. ಈ ಅಡಿಟಿಪ್ಪಣಿ ವೈಗೈ ತಲುಪಲಿಲ್ಲ. 2019ರ ಜುಲೈನಲ್ಲಿ ಜೋಲಾರ್‌ಪೇಟೆಯಿಂದ ಚೆನ್ನೈಗೆ ಹೊರಟ ಮೊದಲ ನೀರಿನ ರೈಲು ತಂದದ್ದು 25 ಲಕ್ಷ ಲೀಟರ್. ನಗರದ ದಿನದ ಅಗತ್ಯ 80 ಕೋಟಿಗೂ ಹೆಚ್ಚು. ಬಾಯಾರಿದವರಿಗೆ ಅದೂ ನೀರೇ, ತಕರಾರಿಲ್ಲ. ಆದರೆ ಆರು ಮಿಲಿಮೀಟರಿನ ಎಪ್ಪತ್ತು ತೂತು ಮುಚ್ಚಿದರೆ ದಿನಕ್ಕೊಂದು ರೈಲು ಉಳಿಯುತ್ತದೆ, ಹಳಿಯೂ ಬೇಡ, ಎಂಜಿನ್ನೂ ಬೇಡ.

ಇಷ್ಟೆಲ್ಲದರ ನಡುವೆ ಜನ ನಿಜವಾಗಿಯೂ ಉಳಿಸಿಬಿಟ್ಟರೆ? ಮಂಡಳಿಗೆ ಹೊಸ ಸಂಕಟ. ಪಂಪು, ಸಂಬಳ, ಸಾಲದ ಖರ್ಚು ಹಾಗೇ ಇದೆ, ಮಾರಿದ ನೀರು ಕಡಿಮೆಯಾಗಿದೆ, ಆದಾಯ ಕುಸಿದಿದೆ. ಕೇಪ್ ಟೌನ್ 2018ರ ಜುಲೈನಿಂದ ಸಂಪರ್ಕದ ಗಾತ್ರದ ಮೇಲೆ ಸ್ಥಿರ ಶುಲ್ಕ ಹಾಕಿತು. ನಾಲ್ಕು ತಿಂಗಳು ಸ್ನಾನದ ನೀರನ್ನು ಹಿಡಿದು ಫ್ಲಷ್‌ಗೆ ಸುರಿದವರಿಗೆ ಹೆಚ್ಚಿನ ಬಿಲ್ಲಿನ ಜೊತೆ ಕೃತಜ್ಞತಾಪತ್ರವನ್ನೂ ಕಳಿಸುವ ಪದ್ಧತಿ ಇಟ್ಟುಕೊಳ್ಳುವುದು ಲೇಸು.

ಆಮೇಲೆ ಮಳೆ ಬರುತ್ತದೆ. ಸುತ್ತೋಲೆ ವಾಪಸ್, ಕಾರುಗಳಿಗೆ ಸ್ನಾನ. ಬಡಾವಣೆಗಳಿಗೆ ಮೀಟರ್ ಹಾಕುವ ಕಡತ ಮಾತ್ರ ಇದ್ದಲ್ಲೇ ಇರುತ್ತದೆ. ಬರದ ತಿಂಗಳಲ್ಲಿ ಅದರ ಮೇಲೆ ‘ಸದ್ಯಕ್ಕೆ ಹಣವಿಲ್ಲ’ ಎಂದು ಬರೆದಿದ್ದರು, ಈಗ ಅದರ ಕೆಳಗೆ ‘ಸದ್ಯಕ್ಕೆ ಅಗತ್ಯವಿಲ್ಲ’ ಎಂದು ಬರೆದು ಸಹಿ ಹಾಕುತ್ತಾರೆ.